ಒಂದೇ ಬಂಡೆಯ ಮೇಲೆ ಒಂದು ದಿನ

ಮೂಡುಗಲ್ಲಿನ ಕೇಶವನಾಥೇಶ್ವರನ ಗುಹೆಯಲ್ಲಿ ತಣ್ಣೀರಿಗೆ ಕಾಲಿಟ್ಟು, ಮೀನುಗಳು ಪಾದಕ್ಕೆ ಮುತ್ತುವುದನ್ನು ಸಹಿಸಿಕೊಂಡು, ಕತ್ತಲೆಯಲ್ಲಿ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ದೇವರ ಸನ್ನಿಧಿಯನ್ನು ಸೇರಿದ ಕೆರಾಡಿಯ ಮನುಷ್ಯನಿಗೆ, ಒಂದು ಸ್ಥಳವನ್ನು ಕಾಲಿನಿಂದ ತಿಳಿಯುವುದೆಂದರೇನೆಂಬುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ಮನುಷ್ಯನು ಮಡದಿಮಕ್ಕಳನ್ನೂ ವೃದ್ಧೆಯಾದ ತಾಯಿಯನ್ನೂ ಕರೆದುಕೊಂಡು ಬೆಂಗಳೂರನ್ನು ತೋರಿಸಲು ಹೊರಟನೆಂದರೆ, ತನ್ನ ಕಾಲುಗಳನ್ನು ಊರಿನಲ್ಲಿಯೇ ಬಿಟ್ಟು ಬಂದವನಂತೆ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿ, ವಿಧಾನಸೌಧ, ಅರಮನೆ, ವಸ್ತುಸಂಗ್ರಹಾಲಯ, ಬನ್ನೇರುಘಟ್ಟದ ಹುಲಿ, ದೊಡ್ಡ ದೊಡ್ಡ ಮಾಲುಗಳು ಇವೆಲ್ಲವನ್ನೂ ಸೂರ್ಯಾಸ್ತದೊಳಗೆ ಮುಗಿಸಬೇಕೆಂಬ ಸಂಕಲ್ಪವನ್ನು ತೊಟ್ಟು, ದಿನದ ಬಹುಭಾಗವನ್ನು ಸಿಗ್ನಲ್ಲಿನ ಕೆಂಪು ದೀಪದ ಮುಂದೆ ಕಳೆದು, ಬಳಲಿದ ಮುಖಗಳನ್ನು ಹೊತ್ತುಕೊಂಡು ರಾತ್ರಿಯ ಬಸ್ಸನ್ನು ಹತ್ತುತ್ತಾನೆ.

ನಾನೂ ಮೊದಲ ಸಲ ಹಾಗೆಯೇ ಮಾಡಿದೆನು. ಊರಿಗೆ ಮರಳಿದ ಮೇಲೆ ನೆರೆಮನೆಯವರು ಬಂದು, "ಬೆಂಗ್ಳೂರಗೆ ಎಂತೆಲ್ಲ ಕಂಡ್ರಿ?" ಎಂದು ಕೇಳಿದಾಗ ನನ್ನ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಎಂತ ಕಾಂಬುದ್, ಕಾರಗೆ ಕೂಕಂಡದ್ದೇ ಆಯ್ತ್" ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಆದರೆ ನನಗೆ ಬಹಳ ವ್ಯಥೆಯಾಯಿತು. ಎಪ್ಪತ್ತು ವರ್ಷ ದಾಟಿದ ಜೀವವೊಂದು ಘಟ್ಟ ಹತ್ತಿ ಬಂದು, ರಾಜ್ಯದ ರಾಜಧಾನಿಯಲ್ಲಿ ಒಂದು ದಿನವನ್ನು ಕಳೆದು, ಕಾರಿನ ಆಸನವೊಂದನ್ನಲ್ಲದೆ ಮತ್ತೇನನ್ನೂ ನೆನಪಿನಲ್ಲಿಟ್ಟುಕೊಳ್ಳಲಾರದೆ ಹೋಯಿತೆಂದರೆ ತಪ್ಪು ಕರೆದೊಯ್ದವನದೇ ಹೊರತು ಊರಿನದಲ್ಲ. ಎರಡನೆಯ ಸಲ ನಾವು ನಡೆದೆವು. ಆ ನಡಿಗೆಯ ವಿವರವನ್ನು, ಮುಂದೆ ಹೋಗುವ ಕುಟುಂಬಗಳಿಗೆ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರನ್ನು ಒಂದು ದಿನದಲ್ಲಿ ನೋಡುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ. ಅದರ ಒಂದು ಮೂಲೆಯನ್ನು ನೋಡುವುದು ಸಾಧ್ಯ. ಲಾಲ್‌ಬಾಗಿನಿಂದ ಹೊರಟು, ಮಾವಳ್ಳಿ, ವಿಶ್ವೇಶ್ವರಪುರ, ಬಸವನಗುಡಿಗಳನ್ನು ಹಾದು ಗವಿಪುರದಲ್ಲಿ ನಿಲ್ಲುವ ಏಳೆಂಟು ಕಿಲೋಮೀಟರುಗಳ ಹಾದಿಯೊಂದುಂಟು. ಅದರ ಆದಿಯಲ್ಲಿ ಕೆಂಪೇಗೌಡರ ಹೆಸರಿನ ಗೋಪುರವೊಂದು, ಅಂತ್ಯದಲ್ಲಿ ಅದೇ ಹೆಸರಿನ ಇನ್ನೊಂದು. 1537ರಲ್ಲಿ ಅವರಿಂದ ಸ್ಥಾಪಿತವಾಯಿತೆನ್ನುವ ಈ ನಗರಕ್ಕೆ ನಾಲ್ಕು ದಿಕ್ಕಿನ ಎಲ್ಲೆಯನ್ನು ಗುರುತಿಸಿದವೆಂದು ಜನ ನಂಬಿರುವ ನಾಲ್ಕು ಗೋಪುರಗಳಲ್ಲಿ ಎರಡನ್ನು ಹೀಗೆ ಒಂದೇ ದಿನ ಕಾಲ್ನಡಿಗೆಯಲ್ಲಿ ಮುಟ್ಟಬಹುದು. ಉಳಿದ ಎರಡು ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಬಳಿ ಇರುವುದರಿಂದ ಅವನ್ನು ಮತ್ತೊಂದು ಯಾತ್ರೆಗೆ ಬಿಡುವುದು ಲೇಸು. ಈ ಹಾದಿಯನ್ನು ನಾನು ಆರಿಸಿಕೊಂಡ ಮುಖ್ಯ ಕಾರಣ ಗೋಪುರಗಳಲ್ಲ. ಉದ್ಯಾನದ ನಡುವೆ ಎದ್ದು ನಿಂತ ಗುಡ್ಡ, ಕಹಳೆ ಬಂಡೆ, ದೊಡ್ಡ ಬಸವ, ಗವಿಯ ಗಂಗಾಧರೇಶ್ವರ ಇವು ನಾಲ್ಕೂ ಭೂಮಿಯೊಳಗಿನ ಒಂದೇ ಶಿಲಾಸ್ತರವು ಬೇರೆ ಬೇರೆ ಎಡೆಗಳಲ್ಲಿ ಮೇಲಕ್ಕೆ ತಲೆಯೆತ್ತಿದ ರೂಪಗಳು. ಮಕ್ಕಳಿಗೆ ಇದನ್ನು ಬೆಳಿಗ್ಗೆಯೇ ಹೇಳಿಬಿಟ್ಟರೆ ದಿನವಿಡೀ ಅವರು ಆ ಕಲ್ಲನ್ನು ಹುಡುಕುತ್ತ, ದಣಿವನ್ನು ಮರೆತು ನಡೆಯುತ್ತಾರೆ.

ಮೊದಲು ದಿನದ ಆಯ್ಕೆ. ಸೋಮವಾರ ಮಾವಳ್ಳಿಯ ಎಂ.ಟಿ.ಆರ್. ಹೋಟೆಲಿಗೆ ರಜೆ, ಶುಕ್ರವಾರ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ರಜೆ. ಶನಿವಾರ ಭಾನುವಾರಗಳಲ್ಲಿ ಎರಡೂ ಕಡೆ ಬಾಗಿಲ ಹೊರಗೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಆದ್ದರಿಂದ ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಒಂದನ್ನು ಹಿಡಿಯುವುದು ಉತ್ತಮ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸುಮಾರಿಗೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನವಿರುತ್ತದೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕೂಡುತ್ತದೆ. ಮಕರ ಸಂಕ್ರಾಂತಿಯ ಸಂಜೆ ಗವಿಪುರದಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಇವು ಮೂರೂ ನೋಡತಕ್ಕ ಸಂದರ್ಭಗಳೇ. ಆದರೆ ವೃದ್ಧರೂ ಚಿಕ್ಕ ಮಕ್ಕಳೂ ಜೊತೆಯಲ್ಲಿರುವ ಮೊದಲ ಯಾತ್ರೆಗೆ ಅವನ್ನು ಆರಿಸಬಾರದು.

ಕೆರಾಡಿಯಿಂದ ವಂಡ್ಸೆ, ಹೆಮ್ಮಾಡಿ ಮಾರ್ಗವಾಗಿ ಕುಂದಾಪುರಕ್ಕಿಳಿದರೆ ರಾತ್ರಿಯ ಬಸ್ಸುಗಳು ಧಾರಾಳವಾಗಿವೆ. ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲೂ ಕುಂದಾಪುರದಲ್ಲಿ ನಿಲ್ಲುತ್ತದೆ. ಘಟ್ಟದ ತಿರುವುಗಳಲ್ಲಿ ತಲೆಸುತ್ತು ಬರುವವರಿದ್ದರೆ ರೈಲೇ ಹಿತ. ಮಲಗಿ ಬಂದವರ ಕಾಲುಗಳಿಗೂ ಕುಳಿತು ಬಂದವರ ಕಾಲುಗಳಿಗೂ ಮರುದಿನ ಬಹಳ ಅಂತರ ಕಾಣುತ್ತದೆ. ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಹೊರೆಯನ್ನು ಇಳಿಸುವುದು. ರೈಲ್ವೆ ನಿಲ್ದಾಣದಲ್ಲಿ ಸಾಮಾನು ಇಡುವ ಕೊಠಡಿಯುಂಟು. ಅಥವಾ ಸುತ್ತಲಿನ ವಸತಿಗೃಹವೊಂದರಲ್ಲಿ ಕೋಣೆ ಹಿಡಿದು, ಸ್ನಾನ ಮುಗಿಸಿ, ಚೀಲಗಳನ್ನು ಅಲ್ಲಿಯೇ ಬಿಟ್ಟು ಹೊರಡಬಹುದು. ಊರಿನಿಂದ ತಂದ ಹಲಸಿನ ಹಪ್ಪಳ, ತೆಂಗಿನಕಾಯಿ, ಸೌತೆಕಾಯಿಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಲಾಲ್‌ಬಾಗನ್ನು ಸುತ್ತಿದ ಒಬ್ಬ ಬಂಧುವನ್ನು ನಾನು ಬಲ್ಲೆನು. ಅವರಿಗೆ ಉದ್ಯಾನದ ಒಂದು ಮರವೂ ನೆನಪಿಲ್ಲ.

ಮೆಜೆಸ್ಟಿಕ್ಕಿನಿಂದ ಮೆಟ್ರೋ ರೈಲಿನ ಹಸಿರು ಮಾರ್ಗವನ್ನು ಹಿಡಿದರೆ ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು ಆದ ಮೇಲೆ ನಾಲ್ಕನೆಯದು ಲಾಲ್‌ಬಾಗ್. ಮಕ್ಕಳಿಗೆ ಈ ಪ್ರಯಾಣವೇ ಒಂದು ನೋಟ. ಬಸ್ಸಿನಲ್ಲಿ ಹೋಗಲಿಚ್ಛಿಸುವ ಹೆಂಗಸರು ತಮ್ಮ ಆಧಾರ್ ಚೀಟಿಯನ್ನು ಮರೆಯದೆ ಇಟ್ಟುಕೊಳ್ಳಬೇಕು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ಮಕ್ಕಳ ಜೇಬಿನಲ್ಲಿ ತಂದೆತಾಯಿಯರ ಫೋನ್ ಸಂಖ್ಯೆಯನ್ನು ಬರೆದ ಚೀಟಿಯೊಂದಿರಲಿ.

ಪಾದರಕ್ಷೆಯ ವಿಷಯವಾಗಿ ಒಂದು ಮಾತು. ಬೆಳಗಿನ ಹೊತ್ತು ಗುಡ್ಡ ಹತ್ತುವುದಿದೆ, ಸಂಜೆ ಮೂರು ದೇವಾಲಯಗಳಲ್ಲಿ ಚಪ್ಪಲಿ ಬಿಡುವುದಿದೆ. ಆದ್ದರಿಂದ ಹಿಮ್ಮಡಿಗೆ ಪಟ್ಟಿಯಿರುವ, ಆದರೆ ಸುಲಭವಾಗಿ ಕಳಚಬಹುದಾದ, ಹಳೆಯದಾಗಿ ಕಾಲಿಗೆ ಒಗ್ಗಿದ ಚಪ್ಪಲಿಯೇ ಎಲ್ಲರಿಗೂ ತಕ್ಕುದು. ಯಾತ್ರೆಗೆಂದು ಹೊಸ ಚಪ್ಪಲಿ ಕೊಳ್ಳುವುದು ಊರಿನ ಹಳೆಯ ರೂಢಿ. ಅದನ್ನು ಈ ದಿನದ ಮಟ್ಟಿಗಾದರೂ ಬಿಡಬೇಕು. ಇದಕ್ಕಿಂತಲೂ ಮುಖ್ಯವಾದುದು ನೀರು. ಕರಾವಳಿಯವರಾದ ನಮಗೆ ಬೆವರು ಇಳಿದಾಗಲೇ ಬಾಯಾರಿಕೆಯ ನೆನಪು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನ ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಸೆಕೆಯಿಲ್ಲವೆಂದುಕೊಂಡು ನಡೆದು ನಡೆದು, ಮಧ್ಯಾಹ್ನಕ್ಕೆ ತಲೆನೋವಿನಿಂದ ಕುಳಿತುಬಿಡುವವರು ಬಹುಪಾಲು ನಮ್ಮ ಕಡೆಯವರೇ. ಬಾಯಾರಲಿ ಬಾಯಾರದಿರಲಿ, ಗಂಟೆಗೊಮ್ಮೆ ಎಲ್ಲರಿಗೂ ನೀರು ಕುಡಿಸುವ ಭಾರವನ್ನು ಮನೆಯವರಲ್ಲಿ ಒಬ್ಬರು ವಹಿಸಿಕೊಳ್ಳಬೇಕು.

ಲಾಲ್‌ಬಾಗಿನ ಪಶ್ಚಿಮ ದ್ವಾರವು ಮೆಟ್ರೋ ನಿಲ್ದಾಣಕ್ಕೆ ಸಮೀಪ. ಏಳು ಗಂಟೆಯೊಳಗೆ ಒಳಹೊಕ್ಕರೆ ನಡಿಗೆಯ ವ್ಯಾಯಾಮಕ್ಕೆ ಬರುವ ಊರಿನವರ ಸಂಗಡ ನೀವೂ ಒಬ್ಬರಾಗುವಿರಿ. 1760ರಲ್ಲಿ ಹೈದರಾಲಿಯು ಹಾಕಿಸಿ, ಟಿಪ್ಪು ಬೆಳೆಸಿದ ಈ ತೋಟವು 1856ರಲ್ಲಿ ಸರಕಾರದ ಸಸ್ಯೋದ್ಯಾನವಾಯಿತು. ಇಂದು ಅದರ ವಿಸ್ತಾರ 240 ಎಕರೆ. ಅಷ್ಟನ್ನೂ ಸುತ್ತುವ ಆಸೆ ಬೇಡ. ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು, ಮುದಿ ಬೂರುಗದ ಮರದ ಬೇರುಗಳ ಬಳಿ ಸ್ವಲ್ಪ ಹೊತ್ತು, ಗಾಜಿನ ಮನೆಯ ಮುಂದೆ ಸ್ವಲ್ಪ ಹೊತ್ತು ಇದ್ದರೆ ಸಾಕು. ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿತ್ತು. ಲಂಡನ್ನಿನ ಸ್ಫಟಿಕ ಭವನವನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಕಟ್ಟಿಸಿದವರು ಅಂದಿನ ಮೇಲ್ವಿಚಾರಕರಾದ ಜಾನ್ ಕ್ಯಾಮರಾನ್. ಅವರ ಅನಂತರ 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರದ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿಯದು ಅರಳುವಂತೆ ಸಾಲುಮರಗಳನ್ನು ಆರಿಸಿ ನೆಡಿಸಿದವರೆಂದು ಪ್ರಸಿದ್ಧರು. ಅವರ ಹೆಸರಿನ ರಸ್ತೆ ಉದ್ಯಾನದ ಮಗ್ಗುಲಲ್ಲಿಯೇ ಇದೆ. ನಡೆಯಲಾರದ ಹಿರಿಯರಿಗೆ ಒಳಗೆ ಬ್ಯಾಟರಿಯ ಬಂಡಿಗಳುಂಟು. ಅವರನ್ನು ಅದರಲ್ಲಿ ಕಳುಹಿಸಿ ಗುಡ್ಡದ ಬುಡದಲ್ಲಿ ಕೂಡಿಕೊಳ್ಳಬಹುದು.

ಗುಡ್ಡದ ಬುಡದಲ್ಲಿ ಅವಸರ ಪಡಬಾರದು. ನನ್ನ ಅಮ್ಮ ಅದನ್ನು ಕಂಡು, "ಪ್ಯಾಟಿ ಮಧ್ಯ ಇಷ್ಟ್ ದೊಡ್ಡ್ ಕಲ್ಲ್ ಇತ್ತಲೆ ಮಗಾ!" ಎಂದು ನಿಂತುಬಿಟ್ಟರು. ನಮ್ಮ ಕಡೆಯ ಕಲ್ಲೆಂದರೆ ಬಹುಮಟ್ಟಿಗೆ ಮುರಕಲ್ಲು: ಕೆಂಪು ಬಣ್ಣದ್ದು, ಜೇನುಗೂಡಿನಂತೆ ತೂತುತೂತಾದದ್ದು, ನೆಲದಲ್ಲಿರುವಾಗ ಮೆತ್ತಗಿದ್ದು ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವಂಥದು. ಬಂಡೆಯೊಂದು ಯುಗಯುಗಗಳ ಮಳೆ ಬಿಸಿಲುಗಳಿಗೆ ಕರಗಿ, ಕಬ್ಬಿಣದ ಅಂಶ ಹೆಚ್ಚಾಗಿ ಉಳಿದು ಆದ ಕಲ್ಲದು. ಲಾಲ್‌ಬಾಗಿನ ಗುಡ್ಡವಾದರೋ ಹಾಗೆ ಕರಗದೆ ನಿಂತ ಮೂಲಶಿಲೆ. ಭೂವಿಜ್ಞಾನಿಗಳು ಇದನ್ನು ದ್ವೀಪಕಲ್ಪದ ನೈಸ್ ಎಂದು ಕರೆದು, ಇದರ ವಯಸ್ಸನ್ನು ಸುಮಾರು 300 ಕೋಟಿ ವರ್ಷಗಳೆಂದು ಎಣಿಸಿದ್ದಾರೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ತಿಳಿಸುವ ಫಲಕವೂ ಅಲ್ಲಿದೆ. ಮಕ್ಕಳನ್ನು ಮಂಡಿಯೂರಿ ಕೂರಿಸಿ ಕಲ್ಲಿನ ಮೈಯನ್ನು ಹತ್ತಿರದಿಂದ ತೋರಿಸಿರಿ. ಬಿಳಿಯ ಎಳೆಯೊಂದು, ಕಪ್ಪು ಎಳೆಯೊಂದು, ಮತ್ತೆ ಬಿಳಿಯದೊಂದು. ಕೆಲವೆಡೆ ನೇರವಾಗಿ ಹರಿದು, ಕೆಲವೆಡೆ ಮಡಿಸಿಕೊಂಡು, ಬೇಯಿಸಿ ಕೊಯ್ದ ಪತ್ರೊಡೆಯ ಬಿಲ್ಲೆಯಲ್ಲಿ ಎಲೆಯೂ ಹಿಟ್ಟೂ ಸುರುಳಿ ಸುತ್ತಿರುವಂತೆ ಕಾಣುತ್ತದೆ. ಪತ್ರೊಡೆಯ ಹೋಲಿಕೆ ನನ್ನ ಮಗಳದು. ಭೂಗರ್ಭದ ಕಾವಿನಲ್ಲಿಯೂ ಒತ್ತಡದಲ್ಲಿಯೂ ಶಿಲೆಯು ಮೆತ್ತಗಾಗಿ ಮಡಿಸಿಕೊಂಡ ಗುರುತು ಅದೆಂದು ತಿಳಿಸುವುದಕ್ಕೆ ಅದಕ್ಕಿಂತ ಉತ್ತಮವಾದ ಉಪಮೆ ನನಗೆ ದೊರೆತಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬಹುದು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪೆನಿ ಸರಕಾರದ ಆಜ್ಞೆಯಂತೆ ಈ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಬೆಂಗಳೂರಿನ ಈ ತೋಟಗಳನ್ನೂ ನೋಡಿ, ಮುಂದೆ 1801ರಲ್ಲಿ ನಮ್ಮ ಕುಂದಾಪುರದ ಮೂಲಕವೂ ಹಾದುಹೋದನು. ಮುರಕಲ್ಲಿಗೆ ಇಂದು ಜಗತ್ತಿನ ವಿಜ್ಞಾನಿಗಳೆಲ್ಲರೂ ಬಳಸುವ ಲ್ಯಾಟರೈಟ್ ಎಂಬ ಹೆಸರನ್ನು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ, ಇಟ್ಟವನು ಆತನೇ. ನಮ್ಮ ಮನೆಯ ಗೋಡೆಯ ಕಲ್ಲನ್ನೂ ಲಾಲ್‌ಬಾಗಿನ ಗಿಡಗಳನ್ನೂ ಒಂದೇ ಪ್ರವಾಸದಲ್ಲಿ ಕಂಡು ಬರೆದಿಟ್ಟ ಆ ಮನುಷ್ಯನು ದಿನದಿನವೂ ನಿಂತು, ಇಳಿದು, ರೈತರನ್ನು ಕೇಳಿ ತಿಳಿಯುತ್ತ ಮುಂದುವರಿದವನು.

ಗುಡ್ಡದ ನೆತ್ತಿಯ ಗೋಪುರದ ಬಳಿ ನಿಂತು ಊರನ್ನು ನೋಡಿ, ಸಂಜೆ ಇಂಥದೇ ಇನ್ನೊಂದನ್ನು ನೋಡುವೆವೆಂದು ಮಕ್ಕಳಿಗೆ ಹೇಳಿ, ಪೂರ್ವದ ಕಡೆಯ ದೊಡ್ಡ ದ್ವಾರದಿಂದ ಹೊರಬಿದ್ದರೆ ಎಂ.ಟಿ.ಆರ್. ಕೆಲವೇ ನಿಮಿಷಗಳ ದಾರಿ. ಒಂಬತ್ತರ ಸುಮಾರಿಗೆ ಅಲ್ಲಿರಬೇಕು. ಹೆಸರು ಬರೆಸಿ ಕಾಯುವ ಹೊತ್ತಿನಲ್ಲಿ ಮಕ್ಕಳಿಗೆ ಈ ಮನೆಯ ಕಥೆಯನ್ನು ಹೇಳಿರಿ. ಏಕೆಂದರೆ ಇದು ನಮ್ಮ ಕಡೆಯವರ ಕಥೆ. ಕೋಟ–ಸಾಲಿಗ್ರಾಮದ ಮಗ್ಗುಲಿನ ಪಾರಂಪಳ್ಳಿಯ ಮಯ್ಯ ಸಹೋದರರು ಅಡಿಗೆಯ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದು, 1924ರಲ್ಲಿ ಇಟ್ಟ ಚಿಕ್ಕ ಕಾಫಿ ಕ್ಲಬ್ಬು, 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಿಂದ ಇಡ್ಲಿ ಮಾಡುವ ಕ್ರಮವನ್ನು ಮೊದಲಿಗೆ ಕಂಡುಕೊಂಡವರು ತಾವೆಂದು ಆ ಮನೆಯವರು ಹೇಳುತ್ತ ಬಂದಿದ್ದಾರೆ. ತುಪ್ಪದ ಸಣ್ಣ ಬಟ್ಟಲಿನೊಡನೆ ಬರುವ ಆ ರವೆ ಇಡ್ಲಿಯನ್ನೇ ಮೊದಲು ತರಿಸಿರಿ. ಬಳಿಕ ಎಲ್ಲರೂ ಒಂದೊಂದು ದೋಸೆ ತರಿಸದೆ ಎರಡನ್ನು ಹಂಚಿಕೊಳ್ಳಿರಿ. ಹೊಟ್ಟೆ ಭಾರವಾದರೆ ಮುಂದಿನ ನಡಿಗೆ ಭಾರವಾಗುತ್ತದೆ. ಶೌಚಾಲಯದ ಅವಶ್ಯಕತೆಯನ್ನು ಎಲ್ಲರೂ ಇಲ್ಲಿಯೇ ಮುಗಿಸಿಕೊಂಡು ಹೊರಡುವುದು ಒಳ್ಳೆಯದು; ಹೆಂಗಸರೂ ಮಕ್ಕಳೂ ಪೇಟೆಯ ನಡಿಗೆಯಲ್ಲಿ ಪಡುವ ಸಂಕಟಗಳಲ್ಲಿ ಇದೇ ಮೊದಲನೆಯದಾದರೂ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಇಲ್ಲಿಂದ ಮಿನರ್ವ ವೃತ್ತ, ಸಜ್ಜನರಾವ್ ವೃತ್ತಗಳ ಮೂಲಕ ನ್ಯಾಷನಲ್ ಕಾಲೇಜಿನ ಕಡೆಗೆ ಹೋಗುವ ಎರಡು ಕಿಲೋಮೀಟರು ದಾರಿ ಈ ದಿನದ ಕಠಿನ ಭಾಗ. ವಾಹನಗಳು ದಟ್ಟವಾಗಿರುತ್ತವೆ, ಕಾಲುದಾರಿಯ ಚಪ್ಪಡಿಗಳು ಎಲ್ಲೆಂದರಲ್ಲಿ ಎದ್ದಿರುತ್ತವೆ. ದೊಡ್ಡವರು ರಸ್ತೆಯ ಕಡೆಗೂ ಮಕ್ಕಳು ಗೋಡೆಯ ಕಡೆಗೂ ಇರುವಂತೆ ನಡೆಯಬೇಕು. ಸಿಗ್ನಲ್ಲಿರುವಲ್ಲಿ ಮಾತ್ರ, ಎಲ್ಲರೂ ಕೂಡಿ, ಒಂದೇ ಸಲಕ್ಕೆ ದಾಟಬೇಕು. ಅರ್ಧ ಮಂದಿ ಆಚೆ, ಅರ್ಧ ಮಂದಿ ಈಚೆ ಆದಾಗಲೇ ಮಕ್ಕಳು ಬೆದರಿ ಓಡುವುದು. ನಡೆಯಲಾಗದವರಿಗೆ ಈ ತುಂಡಿನ ಮಟ್ಟಿಗೆ ಆಟೋ ಹಿಡಿಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಬಸವನಗುಡಿಯನ್ನು ಹೊಕ್ಕೊಡನೆ ಬೀದಿಗಳು ಅಗಲವೂ ನೇರವೂ ಆಗುತ್ತವೆ. ಇದಕ್ಕೊಂದು ದಾರುಣವಾದ ಕಾರಣವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಜನ ಸತ್ತಾಗ, ಗಾಳಿ ಬೆಳಕುಗಳು ಧಾರಾಳವಾಗಿ ಆಡುವ ಬಡಾವಣೆಗಳು ಬೇಕೆಂದು ಕಂಡು, ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಅಂದಿನ ಮೈಸೂರು ಸರಕಾರವು ನಿರ್ಮಿಸಿತು. ಇಂದು ನಾವು ಮರದ ನೆರಳಿನಲ್ಲಿ ಸುಖವಾಗಿ ನಡೆಯುವ ಈ ದಾರಿಗಳು ಆ ಸಂಕಟದ ಫಲ.

ಮಧ್ಯಾಹ್ನಕ್ಕೆ ಒಂದು ಸಣ್ಣ ಊಟದ ಮನೆಯಲ್ಲಿ ಅನ್ನ ಸಾರು ಮಜ್ಜಿಗೆಯ ಲಘು ಊಟವೇ ಸಾಕು. ಆ ಹೊತ್ತಿನಲ್ಲಿಯೇ ಒಂದು ಅಪಾಯವೂ ಇದಿರಾಗುತ್ತದೆ. ನಮ್ಮ ಕಡೆಯ ಕುಟುಂಬಗಳಲ್ಲಿ ಬೆಂಗಳೂರಿನಲ್ಲಿ ನೆಂಟರಿಲ್ಲದ ಕುಟುಂಬವಿಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವ ಭಾವನೋ, ಬೇಕರಿ ಇಟ್ಟ ಚಿಕ್ಕಪ್ಪನ ಮಗನೋ, ಕಚೇರಿಗೆ ಹೋಗುವ ಸೊಸೆಯೋ ಇದ್ದೇ ಇರುತ್ತಾರೆ. "ಇಲ್ಲಿ ತನಕ ಬಂದ್ ಮನಿಗೆ ಬರ್ದೆ ಹೋಪುದಾ?" ಎಂದು ಅವರು ಪ್ರೀತಿಯಿಂದ ಕೇಳಿದರೆ ಇಲ್ಲವೆನ್ನುವುದು ಯಾರಿಗೂ ಆಗದು, ಒಪ್ಪಿದರೆ ಪೇಟೆಯ ಇನ್ನೊಂದು ತುದಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ನಾವು ಕಂಡುಕೊಂಡ ಉಪಾಯವೆಂದರೆ, ಒಂದು ವಾರ ಮೊದಲೇ ಫೋನ್ ಮಾಡಿ, ಸಂಜೆ ಐದಕ್ಕೆ ಕಹಳೆ ಬಂಡೆಯ ಬಳಿ ಬಂದು ಕೂಡಿಕೊಳ್ಳಿರೆಂದು ಅವರನ್ನೇ ಕರೆಯುವುದು. ಭಾವನವರು ಮಕ್ಕಳೊಡನೆ ಬಂದರು. ಹದಿನೆಂಟು ವರ್ಷಗಳಿಂದ ಬೆಂಗಳೂರಿನಲ್ಲಿದ್ದೂ ಅವರು ಗವಿಪುರವನ್ನು ಕಂಡದ್ದು ಅದೇ ಮೊದಲು.

ಊಟವಾದ ಮೇಲೆ ಗಾಂಧಿಬಜಾರಿನಲ್ಲಿ ಮೆಲ್ಲನೆ ಸುಳಿದಾಡಬಹುದು. ಹೂವಿನವರು, ಹಣ್ಣಿನವರು, ಗ್ರಂಥಿಗೆಯವರು ಸಾಲಾಗಿದ್ದಾರೆ. ಅಂಕಿತ ಪುಸ್ತಕದ ಮಳಿಗೆಯಲ್ಲಿ ಮಕ್ಕಳು ತಮಗೆ ಬೇಕಾದ ಕನ್ನಡ ಪುಸ್ತಕವೊಂದನ್ನು ತಾವೇ ಆರಿಸಿಕೊಳ್ಳಲೆಂದು ಅರ್ಧ ಗಂಟೆ ಬಿಟ್ಟುಕೊಟ್ಟರೆ ಬಿಸಿಲಿನ ಹೊತ್ತು ನೆರಳಿನಲ್ಲಿ ಕಳೆದಂತೆಯೂ ಆಗುತ್ತದೆ. ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿಯೂ, ಅದೇ ವರ್ಷ ಬಿ.ಪಿ. ವಾಡಿಯಾ ಅವರು ಆರಂಭಿಸಿದ ವಿಶ್ವಸಂಸ್ಕೃತಿ ಸಂಸ್ಥೆ ಅವರದೇ ಹೆಸರಿನ ರಸ್ತೆಯಲ್ಲಿಯೂ ಇವೆ. ಓದುವ ಹವ್ಯಾಸವುಳ್ಳವರು ಹೊರಗಿನಿಂದಲಾದರೂ ನೋಡದೆ ಹೋಗಬಾರದು.

ನಾಲ್ಕು ಗಂಟೆಗೆ ವಿದ್ಯಾರ್ಥಿ ಭವನ. 1943ರಲ್ಲಿ ಸಾಲಿಗ್ರಾಮದ ಉರಾಳರು ಇದನ್ನು ಆರಂಭಿಸಿದರು. 1970ರಲ್ಲಿ ಕೈಗೆತ್ತಿಕೊಂಡವರು ನಮ್ಮ ಶಂಕರನಾರಾಯಣದ ಕಡೆಯಿಂದ ಬಂದ ರಾಮಕೃಷ್ಣ ಅಡಿಗರು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು. ಬಿಳಿ ಪಂಚೆಯುಟ್ಟ ಬಡಿಸುವವರು ದೋಸೆಯ ತಟ್ಟೆಗಳನ್ನು ಅಂಗೈಯಿಂದ ಭುಜದವರೆಗೆ ಒಂದರ ಮೇಲೊಂದಾಗಿ ಒರಗಿಸಿಕೊಂಡು, ಒಂದೂ ಅಲುಗದಂತೆ ಮೇಜುಗಳ ನಡುವೆ ನುಸುಳಿ ಬರುವುದನ್ನು ಮಕ್ಕಳು ತಿನ್ನುವುದನ್ನೇ ಮರೆತು ನೋಡುತ್ತಾರೆ. ನಮ್ಮ ಮನೆಯ ನೀರುದೋಸೆಯಂತೆ ತೆಳುವಲ್ಲ ಈ ದೋಸೆ. ಹೊರಗೆ ಕೆಂಪಗೆ ಗರಿಗರಿಯಾಗಿ, ಒಳಗೆ ಮೆತ್ತಗೆ, ಬೆಣ್ಣೆಯ ಘಮದೊಡನೆ ದಪ್ಪವಾಗಿ ಬರುತ್ತದೆ. ಅಮ್ಮ ಬಡಿಸಿದವರ ಮಾತಿನ ಜಾಡು ಹಿಡಿದು ಊರು ಕೇಳಿದರು. ಅವರು ಸಿದ್ದಾಪುರದ ಕಡೆಯವರು. ಬಳಿಕ ಎರಡು ನಿಮಿಷ ನಮ್ಮ ಮೇಜಿನ ಬಳಿ ಕುಂದಾಪುರದ ಕನ್ನಡವೇ ನಡೆಯಿತು. ಹೀಗೆ ಊರು ಕೇಳುವುದನ್ನು ಯಾರೂ ತಪ್ಪು ತಿಳಿಯುವುದಿಲ್ಲ; ಕೇಳಿರಿ.

ಅಲ್ಲಿಂದ ಕಹಳೆ ಬಂಡೆಯ ಉದ್ಯಾನ. ಹಿಂದೆ ಕಾವಲಿನವರು ಇದರ ಮೇಲೆ ನಿಂತು ಕಹಳೆ ಊದಿ ಊರಿಗೆ ಎಚ್ಚರಿಕೆ ಕೊಡುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಮರಗಳ ನಡುವೆ ಡಿ.ವಿ.ಜಿ.ಯವರ ಪ್ರತಿಮೆಯೂ ಇಲ್ಲಿದೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಕಂಡ ಕಪ್ಪು ಬಿಳಿಯ ಎಳೆಗಳನ್ನು ಇಲ್ಲಿಯೂ ಹುಡುಕಿರೆಂದು ಮಕ್ಕಳಿಗೆ ಹೇಳಿ ಬಿಟ್ಟರೆ, ದೊಡ್ಡವರು ಒಂದಷ್ಟು ಹೊತ್ತು ಕಾಲು ಚಾಚಿ ಕೂರಬಹುದು. ಮಗ್ಗುಲಲ್ಲಿಯೇ ದೊಡ್ಡ ಗಣಪತಿಯ ಗುಡಿ. ಸುಮಾರು 18 ಅಡಿ ಎತ್ತರದ ಏಕಶಿಲೆಯ ಈ ಮೂರ್ತಿಗೆ ಮಾಡುವ ಬೆಣ್ಣೆಯ ಅಲಂಕಾರ ಪ್ರಸಿದ್ಧವಾದುದು. ಮೆಟ್ಟಿಲೇರಿದರೆ ದೊಡ್ಡ ಬಸವ. 15 ಅಡಿ ಎತ್ತರ, 20 ಅಡಿ ಉದ್ದದ ಈ ಬಸವನೂ ಒಂದೇ ಬಂಡೆಯಿಂದ ಮೂಡಿದವನು. ಕಡಲೆಕಾಯಿಯ ಹೊಲವನ್ನು ರಾತ್ರಿಯ ಹೊತ್ತು ಮೇಯುತ್ತಿದ್ದ ಗೂಳಿಯು ಇಲ್ಲಿ ಕಲ್ಲಾಯಿತೆಂಬುದೂ, ರೈತರು ಆ ಕಾರಣದಿಂದಲೇ ಮೊದಲ ಬೆಳೆಯನ್ನು ಇಲ್ಲಿಗೆ ತಂದು ಪರಿಷೆ ಮಾಡುವುದೂ ಸ್ಥಳದ ಐತಿಹ್ಯ. ದೇವಾಲಯಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಇವನ್ನೆಲ್ಲ ಸಂಜೆಗೇ ಇಟ್ಟುಕೊಳ್ಳಬೇಕು. ಚಪ್ಪಲಿ ಕಾಯುವವರಿಗೆ ಕೊಡಲು ಚಿಲ್ಲರೆ ಇರಲಿ.

ಗವಿಪುರಕ್ಕೆ ಇಲ್ಲಿಂದ ಇಪ್ಪತ್ತು ನಿಮಿಷಗಳ ನಡಿಗೆ. ಜ್ಞಾನಪೀಠ ಪ್ರಶಸ್ತಿಯನ್ನು 1983ರಲ್ಲಿ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಗವಿಪುರದಲ್ಲಿ ಮನೆ ಮಾಡಿಕೊಂಡಿದ್ದು, ಕೊಡೆ ಹಿಡಿದು ಬಸವನಗುಡಿಯ ಕ್ಲಬ್ಬಿಗೆ ಸಂಜೆ ನಡೆದು ಬರುತ್ತಿದ್ದುದನ್ನು ಇಲ್ಲಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ನೀವು ಅವರ ದಾರಿಯನ್ನು ಹಿಮ್ಮುಖವಾಗಿ ನಡೆಯುತ್ತೀರಿ.

ಗಂಗಾಧರೇಶ್ವರನ ಅಂಗಳದಲ್ಲಿ ಮೊದಲು ಕಣ್ಣಿಗೆ ಬೀಳುವುವು ಏಕಶಿಲೆಯ ಕಂಬಗಳು: ಎರಡರ ನೆತ್ತಿಯಲ್ಲಿ ಸೂರ್ಯಚಂದ್ರರ ದೊಡ್ಡ ಬಿಲ್ಲೆಗಳು, ಒಂದರಲ್ಲಿ ತ್ರಿಶೂಲ, ಇನ್ನೊಂದರಲ್ಲಿ ಡಮರು. ಮಕರ ಸಂಕ್ರಾಂತಿಯ ಸಂಜೆ ಇಳಿಬಿಸಿಲಿನ ಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗವನ್ನು ಮುಟ್ಟುತ್ತದೆ. ಬಂಡೆಯನ್ನು ಕೊರೆದು ಇಂಥ ದಿಕ್ಕನ್ನು ಲೆಕ್ಕಹಾಕಿದವರ ಜ್ಞಾನವನ್ನು ನೆನೆದರೆ ಗೌರವ ಮೂಡುತ್ತದೆ. ಎರಡು ತಲೆ, ಮೂರು ಕಾಲು, ಏಳು ಕೈಗಳ ಅಗ್ನಿಯ ಅಪೂರ್ವ ಮೂರ್ತಿಯೂ ಇಲ್ಲಿದೆ. ಕೈಗಳನ್ನು ಎಣಿಸಲು ಮಕ್ಕಳಿಗೆ ಹೇಳಿರಿ. ಗರ್ಭಗುಡಿಯನ್ನು ಸುತ್ತುವ ಪ್ರದಕ್ಷಿಣೆಯ ದಾರಿ ಬಂಡೆಯ ಒಳಗೇ ಇದ್ದು, ಕೆಲವೆಡೆ ಬಹಳ ತಗ್ಗಾಗಿದೆ. ನನ್ನಂಥವರು ಬೆನ್ನು ಬಾಗಿಸಿಯೇ ನಡೆಯಬೇಕು. ಮಂಡಿನೋವಿನ ಅಮ್ಮನನ್ನು ಹೊರಗೆ ಕೂರಿಸಿ ಹೋಗೋಣವೆಂದು ನಾನು ಅಂದುಕೊಂಡಿದ್ದೆನು. ಅವರು ಕೇಳಲಿಲ್ಲ. ಎಡಗೈಯನ್ನು ಬಂಡೆಗೆ ಆನಿಸಿ, ಬಲಗೈಯಲ್ಲಿ ಮೊಮ್ಮಗಳ ಹೆಗಲನ್ನು ಹಿಡಿದು, ತಲೆ ತಗ್ಗಿಸಿ ಒಂದು ಸುತ್ತು ಬಂದರು. ಕತ್ತಲೆಯ ತಿರುವಿನಲ್ಲಿ ಅವರ ದನಿ ಕೇಳಿಸಿತು: "ನಮ್ ಮೂಡ್‌ಗಲ್ಲಿನಂಗೇ ಇತ್ತ್ ಕಾಣ್. ನೀರೊಂದ್ ಇಲ್ಲ, ಅಷ್ಟೇ."

ಹೊರಬಂದು ಕೆಂಪಾಂಬುಧಿ ಕೆರೆಯ ಕಡೆಗೆ ಸ್ವಲ್ಪ ನಡೆದರೆ ಎರಡನೆಯ ಗೋಪುರ. ಬೆಳಿಗ್ಗೆ ಕಂಡುದಕ್ಕಿಂತ ಇದರ ಸುತ್ತಲೂ ಮನೆಗಳು ಒತ್ತಾಗಿವೆ. ದಾರಿ ತಿಳಿಯದಿದ್ದರೆ ಬಂಡಿ ಮಹಾಕಾಳಿಯ ಗುಡಿಯನ್ನು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕತ್ತಲಾಗುವ ಮೊದಲೇ ತಲುಪಬೇಕು. ಅಲ್ಲಿಂದ ಮೆಜೆಸ್ಟಿಕ್ಕಿಗೆ ಆಟೋದಲ್ಲಿ ಹೆಚ್ಚು ದೂರವಿಲ್ಲವಾದರೂ ಸಂಜೆಯ ದಟ್ಟಣೆಯನ್ನು ನೆನೆದು, ರಾತ್ರಿಯ ಗಾಡಿಗೆ ಕಡಮೆಯೆಂದರೂ ಎರಡು ಗಂಟೆ ಮೊದಲೇ ಹೊರಟುಬಿಡಬೇಕು. ನಾವು ಹೊರಡುವಾಗ ಮಗಳು ಗೋಪುರದ ಬುಡದ ಕಲ್ಲಿಗೆ ಮೂಗು ತಾಗುವಂತೆ ಬಗ್ಗಿ, ಮೊಬೈಲಿನ ಬೆಳಕಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಏನೆಂದು ಕೇಳಿದರೆ, "ಪತ್ರೊಡೆ" ಎಂದಳು.